ಒಂದು ತೊಟ್ಟಿಲ ಪದ, ಮೂರು ನೋಂದಣಿ

ಕೊರೊನಾ ಮುಗಿದು ಬಂಗಾರಪೇಟೆಯ ರೈಲುಗಳು ಮತ್ತೆ ಮೊದಲಿನಂತೆ ತುಂಬಿ ಓಡತೊಡಗಿದ ವರ್ಷ ಅದು. ನಾನಾಗ ಬೆಂಗಳೂರಿನ ಒಂದು ಮ್ಯೂಸಿಕ್ ಪಬ್ಲಿಷಿಂಗ್ ಕಂಪನಿಯಲ್ಲಿ ಮೆಟಾಡೇಟಾ ವಿಭಾಗದ ಮುಖ್ಯಸ್ಥೆ. ದಿನವೂ ಬಂಗಾರಪೇಟೆಯಿಂದಲೇ ಓಡಾಟ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಕಂಪನಿಯ ಹೆಸರು ಕೇಳಿದ ನಮ್ಮ ಬೀದಿಯವರು ನಾನು ಸಿನಿಮಾ ಹಾಡು ಬರೆಯುತ್ತೇನೆ ಎಂದೇ ನಂಬಿದ್ದರು. ಬರೆಯುವುದಿರಲಿ, ಹಾಡಲು ಬಾಯಿ ತೆರೆದರೆ ಮನೆಯವರು ಎದ್ದು ಹೋಗುತ್ತಾರೆ. ನನ್ನ ಕೆಲಸ ಹಾಡುಗಳ ಜಾತಕ ಬರೆಯುವುದಾಗಿತ್ತು.

ನಮ್ಮ ವೃತ್ತಿಯಲ್ಲಿ ಒಂದು ಹಾಡು ಅಂದರೆ ಎರಡು ವಸ್ತು. ಸಾಹಿತ್ಯ, ರಾಗ ಸೇರಿ ಕಟ್ಟಿದ ಹಾಡು ಒಂದು. ಅದನ್ನು ಯಾರೋ ಹಾಡಿ ಮುದ್ರಿಸಿದ ಧ್ವನಿ ಇನ್ನೊಂದು. ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ ಸಂಖ್ಯೆ, ಕಟ್ಟಿದ ಹಾಡಿಗೆ ಐಎಸ್‌ಡಬ್ಲ್ಯುಸಿ ಎಂಬ ಸಂಖ್ಯೆ. ಒಂದೇ ಹಾಡನ್ನು ಹತ್ತು ಜನ ಹಾಡಿ ಮುದ್ರಿಸಿದರೆ ಐಎಸ್‌ಆರ್‌ಸಿ ಹತ್ತಾಗುತ್ತದೆ, ಐಎಸ್‌ಡಬ್ಲ್ಯುಸಿ ಒಂದೇ ಇರಬೇಕು. ಇದರ ಜೊತೆಗೆ ಶೀರ್ಷಿಕೆ, ಭಾಷೆ, ಬರೆದವರು, ರಾಗ ಹಾಕಿದವರು, ಯಾರ ಪಾಲು ಎಷ್ಟು ಎಂಬ ಖಾನೆಗಳು. ಪಾಲುಗಳನ್ನು ಕೂಡಿದರೆ ನೂರಾಗಬೇಕು. ದೇಶವಿದೇಶದ ಪಬ್ಲಿಷರುಗಳೆಲ್ಲ ಒಂದೇ ನಮೂನೆಯಲ್ಲಿ ತುಂಬುವುದರಿಂದ ಇಲ್ಲಿ ಬರೆದ ಹೆಸರು ಎಲ್ಲ ಕಡೆಯ ಕಂಪ್ಯೂಟರಿಗೂ ಅರ್ಥವಾಗುತ್ತದೆ. ಇಲ್ಲಿ ಬರೆದ ತಪ್ಪು ಕೂಡ ಅಷ್ಟೇ ದೂರ ಹೋಗುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಮುನಿರತ್ನಮ್ಮ ನಮ್ಮ ಮನೆಗೆ ಬಂದರು. ಬಂಗಾರಪೇಟೆಯ ಪಕ್ಕದ ಹಳ್ಳಿಯವರು, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸು. ವಯಸ್ಸು ಅರವತ್ತು ದಾಟಿತ್ತು. ನಾಮಕರಣದ ಮನೆಗಳಲ್ಲಿ ತೊಟ್ಟಿಲ ಪದ ಹೇಳುವ ನಾಲ್ಕೈದು ಹೆಂಗಸರ ಗುಂಪಿಗೆ ಅವರೇ ಮುಂದಾಳು. ಗುಂಪಿನ ಒಂದು ಪದವನ್ನು ಸೊಸೆ ಫೋನಿನಲ್ಲಿ ಹಿಡಿದು ವಿಡಿಯೊ ತಾಣಕ್ಕೆ ಹಾಕಿದ್ದಳು. ವಾರದೊಳಗೆ ಅದು ಬಂದ್ ಆಗಿ, 'ಈ ಹಾಡು ಬೇರೆಯವರ ಸ್ವತ್ತು' ಎಂಬ ಬರಹ ಬಂತು. ಸುದ್ದಿ ಊರು ಸುತ್ತಿತು. ನಾಮಕರಣಕ್ಕೆ ಕರೆದಿದ್ದ ಒಂದು ಮನೆಯವರು "ಕದ್ದ ಪದ ನಮ್ಮ ಮಗೀಗೆ ಬ್ಯಾಡ" ಎಂದು ಹೇಳಿ ಕಳಿಸಿದ್ದರು.

"ಅಮ್ಮಣ್ಣಿ, ನನ್ ಪದ ನಾನೇ ಕದ್ದಿದ್ದೀನಂತೆ. ಕಂಪೂಟ್ರೇ ಏಳಿದ್ಮೇಲೆ ಊರೋರು ಬಿಡ್ತಾರಾ?" ಎಂದರು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನಂಗೆ ದುಡ್ಡು ಗಿಡ್ಡು ಏನೂ ಬ್ಯಾಡ. ನಾನು ಕಳ್ಳಿ ಅಲ್ಲ ಅಂತ ಆ ಕಂಪೂಟ್ರು ಬಾಯಲ್ಲೇ ಏಳುಸ್ಬೇಕು."

ಪದ ಕಟ್ಟಿದ್ದು ಯಾವಾಗ ಎಂದು ಕೇಳಿದೆ. ಮದುವೆಯಾದ ಹೊಸತರಲ್ಲಿ ಅವರಿದ್ದದ್ದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ. ಗಂಡ ಗಣಿಗೆ ಇಳಿಯುತ್ತಿದ್ದರು. ಪಕ್ಕದ ಮನೆಯ ತಮಿಳು ಗೆಳತಿ ಸೆಲ್ವಿಗೆ ಚೊಚ್ಚಲ ಮಗ ಹುಟ್ಟಿದಾಗ ಈ ಪದ ಹುಟ್ಟಿತು. ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಭೂಮಿಯೊಳಗೆ ಇಳಿದ ಅಪ್ಪ ಸಂಜೆಗೆ ಬರುತ್ತಾನೆ, ನೀನು ಮಲಗು ಕಂದ, ಎನ್ನುವ ಪದ. ಒಂದೇ ರಾಗಕ್ಕೆ ಮೂರು ಚರಣ: ಒಂದು ಕನ್ನಡ, ಒಂದು ತಮಿಳು, ಒಂದು ತೆಲುಗು.

"ಮೊದಲು ಯಾವ ಚರಣ?"

"ಅದೆಂಗೆ ಏಳಾದು? ತೊಟ್ಲು ತೂಗೋ ತಾಯಿ ಯಾವ್ ಮಾತಾಡ್ತಾಳೋ ಆ ಚರಣ ಮೊದ್ಲು. ಮಗಾ ಮೊದ್ಲು ಅವ್ವನ ಮಾತು ಕೇಳ್ಬೇಕಲ್ಲಮ್ಮ."

ಆ ಉತ್ತರ ಕೇಳಿ ನನಗೆ ಒಳಗೇ ಏನೋ ಹೊಳೆಯಿತು. ಹೆಸರಿಲ್ಲದ ಹಾಡಿಗೆ ಮೊದಲ ಸಾಲನ್ನೇ ಶೀರ್ಷಿಕೆ ಮಾಡುವುದು ನಮ್ಮ ಕಸುಬಿನ ರೂಢಿ. ಮನೆಯಿಂದ ಮನೆಗೆ ಮೊದಲ ಸಾಲು ಬದಲಾಗುವ ಹಾಡನ್ನು ಆ ರೂಢಿ ಏನು ಮಾಡಿರಬಹುದು? ಸೋಮವಾರ ಕಚೇರಿಗೆ ಹೋದವಳೇ ಹುಡುಕಿದೆ. ಊಹೆ ಸರಿಯಾಗಿತ್ತು. ಒಂದೇ ಪದ ಮೂರು ಬೇರೆ ಹಾಡುಗಳಾಗಿ, ಮೂರು ಸಂಖ್ಯೆ ಹೊತ್ತು ಕುಳಿತಿತ್ತು. ತೆಲುಗು ಸಾಲಿನದು ಯಾರೋ ಮದುವೆ ಹಾಡುಗಳ ಜೊತೆ ಸೇರಿಸಿದ್ದು, ಬರೆದವರು 'ಸಾಂಪ್ರದಾಯಿಕ'. ತಮಿಳು ಸಾಲಿನದನ್ನು ಚೆನ್ನೈನ ಒಂದು ಸಣ್ಣ ಕಂಪನಿ ನೋಂದಾಯಿಸಿತ್ತು. ಬರೆದವನು ಒಬ್ಬ ಗಾಯಕ, ಹೆಸರಿನ ಬದಲು ವೇದಿಕೆಯ ಅಡ್ಡಹೆಸರು. ಮುನಿರತ್ನಮ್ಮನ ವಿಡಿಯೊ ಒಂದು ತಮಿಳು ಮನೆಯಲ್ಲಿ ಹಿಡಿದದ್ದು, ತಮಿಳು ಚರಣದಿಂದಲೇ ಶುರು. ಹಾಗಾಗಿ ತಾಣದ ಯಂತ್ರ ಅದನ್ನು ಆ ಗಾಯಕನ ಹಾಡಿಗೆ ತಾಳೆ ಹಾಕಿ ತಡೆದಿತ್ತು.

ಕನ್ನಡ ಸಾಲಿನ ನೋಂದಣಿ ನಮ್ಮದೇ ಕಂಪನಿಯದು. ಹಳೆಯ ಜಾನಪದ ಆಲ್ಬಮ್ಮೊಂದರಲ್ಲಿ ಈ ಪದ ಇತ್ತು. ಕಳಿಸಿದವರ ಹಾಳೆಯಲ್ಲಿ ಬರೆದವರ ಖಾನೆ ಖಾಲಿ. ನಾವು ಅಲ್ಲಿ 'ಸಾಂಪ್ರದಾಯಿಕ' ಎಂದು ತುಂಬಿದ್ದೆವು. ತುಂಬಿದವರು ಯಾರು ಎಂದು ನೋಡಿದರೆ ನನ್ನದೇ ಲಾಗಿನ್. ಗಣಿಯ ಕೇಜು ಇಳಿಯುವ ಪದವನ್ನು ಕಟ್ಟಿದವರು ಇನ್ನೂ ಬದುಕಿರಬಹುದು ಎಂದು ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಬೇರೆಯವರ ತಪ್ಪು ಹುಡುಕಿ ಹೆಸರು ಮಾಡಿದವಳು ನಾನು. ಅವತ್ತು ನನಗೆ ನಿಜವಾಗಿ ನಾಚಿಕೆಯಾಯಿತು.

ನೋಂದಣಿ ತಿದ್ದಲು ಸಾಕ್ಷಿ ಬೇಕು. ಮುಂದಿನ ಭಾನುವಾರ ನಾನೂ ಮುನಿರತ್ನಮ್ಮನೂ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್‌ನಲ್ಲಿ ಇಳಿದೆವು. ಗಣಿ ಮುಚ್ಚಿ ಹಳ್ಳಿಗೆ ವಾಪಸಾದ ಮೇಲೆ ಅವರು ಸೆಲ್ವಿಯನ್ನು ಕಂಡದ್ದು ಬೆರಳೆಣಿಕೆಯಷ್ಟು ಸಲ. ಸೆಲ್ವಿ ಅದೇ ಸಾಲಿನ ಅದೇ ಮನೆಯಲ್ಲಿದ್ದರು. ಬಾಗಿಲಲ್ಲಿ ಗೆಳತಿಯನ್ನು ಕಂಡು "ಅಡಿ ರತ್ನಾ!" ಎಂದು ಕೂಗಿ, ಕೈಯಲ್ಲಿದ್ದ ಮೊರ ಹಾಗೇ ಇಟ್ಟು ತಬ್ಬಿಕೊಂಡರು. ಕಾಫಿ ಕುಡಿದ ಮೇಲೆ, ಆ ತೊಟ್ಟಿಲ ಪದ ಹೇಳುತ್ತೀರಾ ಎಂದು ಕೇಳಿದೆ. ಸೆಲ್ವಿ ತಮಿಳು ಚರಣದಿಂದ ಶುರುಮಾಡಿ, ನಿಲ್ಲಿಸದೆ ಮೂರನ್ನೂ ಹಾಡಿದರು. ನಾನು ಫೋನಿನಲ್ಲಿ ಮುದ್ರಿಸಿಕೊಂಡೆ. ಕಟ್ಟಿದ್ದು ಯಾರೆಂದು ಕೇಳಿದ್ದಕ್ಕೆ ಮುನಿರತ್ನಮ್ಮನ ಭುಜ ತಟ್ಟಿದರು.

ಆಮೇಲೆ ಚೆನ್ನೈನ ಆಲ್ಬಮ್ಮಿನ ಮುಖಚಿತ್ರ ತೆಗೆದು, ಈ ಗಾಯಕ ನಿಮ್ಮ ಕಡೆಯವನೇ ಎಂದು ಕೇಳಿದೆ. ಸೆಲ್ವಿಯ ಮುಖ ಅರಳಿತು.

"ನಮ್ ಆನಂದಲ್ವಾ! ನನ್ ಮಗಾ!"

ಮುನಿರತ್ನಮ್ಮ ಲೋಟ ಕೆಳಗಿಟ್ಟರು. "ನನ್ನ ಕಳ್ಳಿ ಮಾಡ್ದೋನು ನಿನ್ ಮಗನೇನೇ ಸೆಲ್ವೀ?"

ನಾನು ವಿಷಯ ಬಿಡಿಸಿ ಹೇಳಿದೆ. ಸೆಲ್ವಿ ಅಲ್ಲೇ ಮಗನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಆನಂದನಿಗೆ ಏನೂ ಅರ್ಥವಾಗಲಿಲ್ಲ. ಹುಟ್ಟಿದಾಗಿನಿಂದ ಅಮ್ಮನ ಬಾಯಲ್ಲಿ ಕೇಳಿದ ಪದ, ಶುರುವಾಗುವುದೂ ತಮಿಳಿನಲ್ಲೇ. ಇದು ನಮ್ಮಮ್ಮನದೇ, ಉಳಿದ ಎರಡು ಚರಣ ಅಕ್ಕಪಕ್ಕದವರು ಆಮೇಲೆ ಸೇರಿಸಿದ್ದು ಎಂದೇ ಅವನು ತಿಳಿದಿದ್ದ. ನೋಂದಣಿಗೆ ಒಂದು ಹೆಸರು ಬೇಕು ಎಂದಾಗ ತನ್ನದನ್ನೇ ಕೊಟ್ಟಿದ್ದ.

"ಡೇ, ಅದು ರತ್ನಾ ಅತ್ತೆ ಪಾಟ್ಟುಡಾ!" ಎಂದರು ಸೆಲ್ವಿ. ಅದು ರತ್ನಾ ಅತ್ತೆಯ ಹಾಡು ಕಣೋ ಎಂದು. ಆ ಕಡೆಯಿಂದ ಆನಂದ ಕನ್ನಡದಲ್ಲೇ, "ಅತ್ತೆ, ತಪ್ಪಾಯ್ತು. ಏನ್ ಬರ್ಕೊಡ್ಬೇಕೋ ಏಳಿ, ಇವತ್ತೇ ಬರ್ಕೊಡ್ತೀನಿ" ಎಂದ.

ಮುನಿರತ್ನಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಅವ್ನಿಗೇ ಕಟ್ಟಿದ್ ಪದ ಕಣಮ್ಮ. ಅವ್ನು ನಂದು ಅಂದ್ರೆ ಪೂರ್ತಿ ಸುಳ್ಳೇನಲ್ಲ ಬಿಡು."

"ಹಾಗಂತ ಫಾರಂನಲ್ಲಿ ಬರೆಯೋಕಾಗಲ್ಲ ಅಮ್ಮ," ಎಂದೆ. ನನ್ನ ಹುಟ್ಟುಗುಣ ಅದು.

"ಅಂಗಾದ್ರೆ ಸೆಲ್ವಿ ಎಸ್ರೂ ಬರಿ. ತಮಿಳು ಚರಣದ ಮಾತೆಲ್ಲ ಅವಳ್ದು. ಆಗ ನಂಗೆ ತಮಿಳೆಲ್ಲಿ ಬತ್ತಿತ್ತು? ಅರ್ಧ ಅವಳ್ಗೆ ಆಕು."

ಸೆಲ್ವಿ ಒಪ್ಪಲಿಲ್ಲ. ತಾನು ಹೇಳಿದ್ದು ನಾಲ್ಕೇ ಸಾಲು, ರಾಗ ರತ್ನಾಳದು, ತೆಲುಗೂ ರತ್ನಾಳದು ಎಂದು ಹಟ ಹಿಡಿದರು. ಪಾಲಿಗಾಗಿ ಜಗಳವಾಡಿದ ಬರಹಗಾರರನ್ನು ನಾನು ಬೇಕಾದಷ್ಟು ನೋಡಿದ್ದೆ. ತನಗೆ ಕಡಿಮೆ ಹಾಕು ಎಂದು ಇಬ್ಬರೂ ಜಗಳವಾಡಿದ್ದು ಅದೇ ಮೊದಲು. ಕೊನೆಗೆ ಮುಕ್ಕಾಲು, ಕಾಲು ಎಂದು ತೀರ್ಮಾನವಾಯಿತು. ನೂರಕ್ಕೆ ನೂರು ಸರಿಹೋಯಿತು.

ಇಬ್ಬರನ್ನೂ ಹಕ್ಕುಗಳ ಸಂಘಕ್ಕೆ ಸದಸ್ಯರನ್ನಾಗಿ ಮಾಡಿಸಬೇಕಿತ್ತು. ಬರಹಗಾರರ ಗುರುತಿನ ಸಂಖ್ಯೆ ಸಿಗುವುದು ಹಾಗೆ. ಫಾರಂನಲ್ಲಿ ವೃತ್ತಿ ಎಂಬ ಖಾನೆ ಬಂದಾಗ ಮುನಿರತ್ನಮ್ಮ "ಆಲು ಕರಿಯಾದು" ಎಂದರು. ಹಾಲು ಕರೆಯುವುದು ಎಂದೇ ಬರೆದೆ, ಪಕ್ಕದಲ್ಲಿ ಗೀತರಚನೆ ಎಂದೂ ಬರೆದೆ. ಆನಂದ ಮಾತು ಉಳಿಸಿಕೊಂಡ. ಅವನ ಪತ್ರ ಸೇರಿದ ಮೇಲೆ ಅವನ ಕಂಪನಿ ಹಕ್ಕಿನ ದಾವೆ ವಾಪಸ್ ಪಡೆಯಿತು. ನಮ್ಮ ಕನ್ನಡ ನೋಂದಣಿಯನ್ನು ನಾನೇ ತಿದ್ದಿದೆ, ಕಾರಣದ ಜಾಗದಲ್ಲಿ 'ನನ್ನ ತಪ್ಪು' ಎಂದು ಬರೆದು. ತೆಲುಗಿನವರ ಒಪ್ಪಿಗೆ ಬರಲು ನಾಲ್ಕು ತಿಂಗಳು ಕಾಗದದ ಮೇಲೆ ಕಾಗದ ಬರೆಯಬೇಕಾಯಿತು. ಕಡೆಗೆ ಮೂರು ಸಂಖ್ಯೆಗಳು ಒಂದಾದವು. ಮೂರು ಮೊದಲ ಸಾಲುಗಳೂ ಅದರ ಕೆಳಗೆ ಪರ್ಯಾಯ ಶೀರ್ಷಿಕೆಗಳಾಗಿ ನಿಂತವು. ವಿಡಿಯೊ ಮತ್ತೆ ತೆರೆದುಕೊಂಡಿತು. ಅದರ ಕೆಳಗೆ ಇಬ್ಬರು ಹೆಂಗಸರ ಹೆಸರು ಬಂದಿತ್ತು.

ಮೂರು ದಶಕದ ನೌಕರಿ ಕಲಿಸದ ಪಾಠವನ್ನು ಈ ಒಂದು ಪ್ರಕರಣ ಕಲಿಸಿತು. ಖಾನೆ ಖಾಲಿ ಇದ್ದರೆ ಹೋಗಿ ಕೇಳಬೇಕು. ಕೇಳಲು ಆಗದಿದ್ದರೆ ಖಾಲಿಯೇ ಬಿಡಬೇಕು. ಗೊತ್ತಿಲ್ಲದ್ದಕ್ಕೆಲ್ಲ ಸಂಪ್ರದಾಯ ಎಂದು ಹೆಸರಿಟ್ಟರೆ, ಬದುಕಿರುವವರನ್ನೇ ಅಳಿಸಿದ ಹಾಗಾಗುತ್ತದೆ. ನಿವೃತ್ತಿಯ ದಿನ ನನ್ನ ಜಾಗಕ್ಕೆ ಬಂದವರಿಗೆ ಇದನ್ನೇ ಹೇಳಿದೆ.

ಬೇಡ ಎಂದಿದ್ದ ಅದೇ ಮನೆಯವರು ಎರಡನೆಯ ಮೊಮ್ಮಗಳ ನಾಮಕರಣಕ್ಕೆ ತಾವೇ ಹೋಗಿ ಮುನಿರತ್ನಮ್ಮನನ್ನು ಕರೆದರು. ನಾನೂ ಹೋಗಿದ್ದೆ. ಪದ ಮುಗಿದ ಮೇಲೆ ನೆಂಟರ ಹೆಂಗಸೊಬ್ಬರು, ಚೆನ್ನಾಗಿದೆ, ಯಾರು ಕಟ್ಟಿದ್ದು ಎಂದು ಕೇಳಿದರು. ಮನೆಯೊಡತಿ ತಲೆ ತಗ್ಗಿಸಿದರು. ಮುನಿರತ್ನಮ್ಮ ಸೆರಗು ಸರಿಮಾಡಿಕೊಂಡು, ತುಂಬಿದ ಮನೆಗೆಲ್ಲ ಕೇಳುವಂತೆ ಹೇಳಿದರು:

"ನಾನು ಕಟ್ಟಿದ್ದು. ನಾನೂ, ಚಾಂಪಿಯನ್‌ನಲ್ಲಿ ಸೆಲ್ವಿ ಅಂತ ಒಬ್ಳವ್ಳೆ, ಅವಳೂ."