ಹಾಲಿನ ಕಪಾಟಿನ ಇಲಿ

ಚೀಸಿನ ಮೇಲಿನ ಕೆಂಪು ಮೇಣವನ್ನು ಸುಲಿಯುವಾಗ ಒಂದು ವಾಸನೆ ಬರುತ್ತದೆ. ಅದರಲ್ಲಿ ಹುಳಿಮೊಸರು, ಆಗಷ್ಟೇ ಆರಿಸಿದ ಮೇಣದಬತ್ತಿ, ಒದ್ದೆ ಗೋಣಿಚೀಲ ಮೂರೂ ಇರುತ್ತವೆ. ಮೊನ್ನೆ ಕಾಂದಿವಲಿಯ ನಮ್ಮ ಮನೆಯಲ್ಲಿ ಮೊಮ್ಮಗಳು ಅಂಥದ್ದೊಂದು ಉಂಡೆಯನ್ನು ಸುಲಿಯುತ್ತಿದ್ದಳು. ಪಕ್ಕದ ಕೋಣೆಯಲ್ಲಿದ್ದ ನಾನು ಎದ್ದು ಬಂದು ಅಡುಗೆಮನೆಯ ಬಾಗಿಲು ಹಿಡಿದು ನಿಂತೆ. ಇಷ್ಟು ವರ್ಷ ಯಾರಿಗೂ ಹೇಳದ ಒಂದು ಸಂಗತಿ ಈ ವಾಸನೆಯಲ್ಲಿದೆ. ನೆನಪಿರುವಷ್ಟನ್ನು ಮಾತ್ರ, ನಡೆದ ಹಾಗೆಯೇ ಹೇಳಲು ನೋಡುತ್ತೇನೆ.

ಆಗ ನಾವು ಕುರ್ಲಾದಲ್ಲಿದ್ದೆವು. ಸ್ಟೇಷನ್ನಿನ ಹಿಂದಿನ ಮರದ ಗ್ಯಾಲರಿಯ ಚಾಳಿನಲ್ಲಿ, ಎರಡನೆಯ ಮಾಳಿಗೆಯ ಕೊನೆಯ ಎರಡು ಮನೆಗಳು ಕನ್ನಡದವು. ಒಂದರಲ್ಲಿ ಧಾರವಾಡದಿಂದ ಬಂದ ನಾವು: ರೈಲ್ವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು. ಇನ್ನೊಂದರಲ್ಲಿ ಮಂಗಳೂರಿನ ಲಿಲ್ಲಿಬಾಯಿ ಮತ್ತು ಅವರ ಮಗಳು ತೆರೆಜಾ. ಲಿಲ್ಲಿಬಾಯಿ ಗಂಡನನ್ನು ಕಳೆದುಕೊಂಡ ಮೇಲೆ ಕೊಲಾಬಾದ ಒಬ್ಬ ಬಿಳಿ ಸಾಹೇಬರ ಮನೆಯಲ್ಲಿ ಅಡುಗೆಗಿದ್ದವರು. ಸ್ವಾತಂತ್ರ್ಯ ಬಂದ ವರ್ಷ ಆ ಸಾಹೇಬರು ಹಡಗು ಹತ್ತುವಾಗ ಅವರಿಗೊಂದು ದುಂಡಗಿನ ತೇಗದ ಹಲಗೆ ಕೊಟ್ಟು ಹೋಗಿದ್ದರು. ವರ್ಷವೆಲ್ಲ ಮಂಚದ ಕೆಳಗೆ ಹಳೆಯ ಸೀರೆಯಲ್ಲಿ ಸುತ್ತಿಕೊಂಡಿರುತ್ತಿದ್ದ ಆ ಹಲಗೆ ಕ್ರಿಸ್ಮಸ್ ಹಬ್ಬಕ್ಕೆ ಹೊರಬರುತ್ತಿತ್ತು. ಅದರ ಮೇಲೆ ತೆಳುವಾಗಿ ಕೊಯ್ದ ಹಂದಿಮಾಂಸ, ಉಪ್ಪಿನಲ್ಲಿ ಹಾಕಿಟ್ಟು ಬೇಯಿಸಿದ ನಾಲಿಗೆ, ಗೋವಾದವನ ಅಂಗಡಿಯ ಕೆಂಪು ಸಾಸೇಜು, ನಡುವೆ ಚೀಸು. ಬಿಸಿ ಅಡುಗೆ ಯಾರು ಬೇಕಾದರೂ ಮಾಡುತ್ತಾರೆ, ತಣ್ಣಗಿನ ಹಲಗೆ ಜೋಡಿಸುವುದಕ್ಕೆ ಪಳಗಿದ ಕೈ ಬೇಕು ಎಂದು ಲಿಲ್ಲಿಬಾಯಿ ಹೇಳುತ್ತಿದ್ದರು.

ಈ ಹಲಗೆಯ ಅರ್ಧ ಭಾಗ ನಮ್ಮ ಮನೆಯದಾಗಿತ್ತು ಎಂದರೆ ಈಗ ಯಾರೂ ನಂಬಲಿಕ್ಕಿಲ್ಲ. ಲಿಲ್ಲಿಬಾಯಿಯ ಮನೆಯಲ್ಲಿ ಇಲಿಗಳ ಕಾಟ. ನಮ್ಮಲ್ಲಿ ಹಾಲು ಮೊಸರಿಡುವ ಜಾಳಿಯ ಕಪಾಟಿತ್ತು, ಅದರ ನಾಲ್ಕು ಕಾಲುಗಳೂ ನೀರಿನ ಬಟ್ಟಲಲ್ಲಿ ನಿಂತಿದ್ದವು. ಮಾಂಸ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ಚೀಸು ಹಾಲಿನದು ಎಂದು ಲಿಲ್ಲಿಬಾಯಿ ಬಿಡಿಸಿ ಹೇಳಿದಾಗ ಅಜ್ಜಿ ಬಹಳ ಹೊತ್ತು ಯೋಚಿಸಿ, "ಹಾಲಿಂದs ಆದರ ನಮ್ಮಲ್ಲೇ ಇರಲಿ ಬಿಡು" ಅಂದಿದ್ದಳು. ಅಂದಿನಿಂದ ಪ್ರತಿ ಡಿಸೆಂಬರಿನಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನ ಚೀಸು ಒದ್ದೆ ಬಟ್ಟೆ ಹೊದ್ದು ನಮ್ಮ ಮೊಸರಿನ ಗಡಿಗೆಯ ಪಕ್ಕ ಮಲಗುತ್ತಿತ್ತು. ಹಬ್ಬದ ದಿನ ಅಜ್ಜಿ ಅದನ್ನು ಹೊಸ್ತಿಲ ಮೇಲಿಡುವಳು, ಲಿಲ್ಲಿಬಾಯಿ ಅಲ್ಲಿಂದ ಎತ್ತಿಕೊಳ್ಳುವರು. ಗ್ಯಾಲರಿಯ ಸ್ಟೂಲಿನ ಮೇಲೆ ಹಲಗೆ ಸಿದ್ಧವಾಗುವಾಗ ಅಜ್ಜಿ ಎರಡು ಮಾರು ದೂರದಲ್ಲಿ, ಮೂಗಿಗೆ ಸೆರಗು ಹಿಡಿದು, ಗೌರಿ ಹಬ್ಬದ ಅಲಂಕಾರದ ಆರಾಸು ಮಾಡಿಸುವವಳ ಹಾಗೆ ಅಪ್ಪಣೆ ಕೊಡುತ್ತಿದ್ದಳು: "ಎಲ್ಲಾ ಕೆಂಪು ಒಂದs ಕಡೆ ಹಾಕಬ್ಯಾಡ ಲಿಲ್ಲಿ, ನಡುವ ಹಸರು ಬರಲಿ. ಅದೇನದು, ಸೌತಿಕಾಯಿ? ಹಾಂ, ಅದನ್ನಿಡು."

"ಅಮ್ಮ, ನೀವೇ ಬಂದು ಇಡಿ ನೋಡುವ."

"ಹುಚ್ಚಿ! ನಾ ಕಣ್ಣಲೇ ಇಡತೀನಿ."

ನನಗೆ ಏಳು ವರ್ಷವಾದ ಆ ಕ್ರಿಸ್ಮಸ್ಸು ಬೇರೆಯಾಗಿತ್ತು. ಬಾಂದ್ರಾದ ಒಂದು ಮನೆಯವರು ಹಬ್ಬದ ಸಂಜೆ ತೆರೆಜಾಳನ್ನು ನೋಡಲು ಬರುವವರಿದ್ದರು. ಹುಡುಗ ಒಪ್ಪಿದ್ದ, ಹುಡುಗನ ತಾಯಿ ಒಪ್ಪಿರಲಿಲ್ಲ. ಕುರ್ಲಾದ ಚಾಳಿನವರಿಗೆ ನಾಲ್ಕು ಜನರನ್ನು ಕರೆದು ಕೂಡಿಸುವ ರೀತಿ ಗೊತ್ತೇ ಎಂದು ಆಕೆ ಯಾರದೋ ಮುಂದೆ ಕೇಳಿದ ಮಾತು ಲಿಲ್ಲಿಬಾಯಿಯ ಕಿವಿಗೆ ಬಿದ್ದಿತ್ತು. ಅವರು ಮಂಚದ ಕೆಳಗಿನಿಂದ ಹಲಗೆ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಅಷ್ಟೇ. ಹಬ್ಬಕ್ಕೆ ಎಂಟು ದಿನ ಮೊದಲೇ ಹಲಗೆಯ ನಾಲಿಗೆಯು ಉಪ್ಪು ಮತ್ತು ನಿಂಬೆರಸವಿದ್ದ ಜಾಡಿಯನ್ನು ಸೇರಿತು. ದಿನಾ ಬೆಳಿಗ್ಗೆ ಅವರು ಅದನ್ನು ಮಗುಚುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇಡೀ ಮಾಳಿಗೆಯೇ ಹಬ್ಬಕ್ಕೆ ಕಾದಿತ್ತು. ಗ್ಯಾಲರಿಯ ತುಂಬ ಕಾಗದದ ನಕ್ಷತ್ರಗಳು ತೂಗುತ್ತಿದ್ದವು, ಕೆಳಗೆ ಲೋಕಲ್ ರೈಲು ಹಾದಾಗಲೆಲ್ಲ ಎಲ್ಲವೂ ಒಟ್ಟಿಗೆ ನಡುಗುತ್ತಿದ್ದವು. ಆ ಸಲದ ಚೀಸು ಅರ್ಧ ಉಂಡೆ. ಹೊರಗೆ ಕೆಂಪು ಮೇಣ, ಕೊಯ್ದ ಮುಖ ಹಳದಿ.

ಹಬ್ಬದ ಬೆಳಿಗ್ಗೆ ಅವ್ವ ಮಾಟುಂಗಕ್ಕೆ ತನ್ನ ಅಕ್ಕನ ಮನೆಗೆ ಹೋಗಿದ್ದಳು. ಅಜ್ಜಿ ಮಡಿಯಲ್ಲಿ ಜಪಕ್ಕೆ ಕುಳಿತಿದ್ದಳು. ನಾನು ಕಪಾಟಿನ ಚಿಲಕ ತೆಗೆದು, ಬಟ್ಟೆ ಸರಿಸಿ, ಚೀಸಿನ ಅಂಚನ್ನು ಕಚ್ಚಿದೆ. ಕೈಯಲ್ಲಿ ಮುರಿಯಲಿಲ್ಲ, ಬಾಯಿ ಹಾಕಿಯೇ ಕಚ್ಚಿದೆ. ಮೇಲಿನ ಎರಡು ಮುಂದಿನ ಹಲ್ಲು ಬಿದ್ದಿದ್ದರಿಂದ ಕಡಿಯಲು ಕಷ್ಟವಾಯಿತು. ಉಪ್ಪುಪ್ಪಾಗಿ, ನಾಲಿಗೆಗೆ ಅಂಟುವಂತೆ ಇತ್ತು. ಇಷ್ಟವಾಯಿತೋ ಇಲ್ಲವೋ ತಿಳಿಯುವ ಮೊದಲೇ ಕೆಳಗೆ ಬ್ಯಾಂಡಿನವರು ಬಂದ ಸದ್ದು ಕೇಳಿ ಓಡಿದೆ. ಚಿಲಕ ಹಾಕಲಿಲ್ಲ.

ತಿರುಗಿ ಮೇಲೆ ಬಂದಾಗ ಮನೆಯಲ್ಲಿ ವಿಚಿತ್ರ ವಾಸನೆ. ಅಜ್ಜಿ ಒಲೆಯ ಮುಂದೆ ಕುಳಿತಿದ್ದಳು. ಪಾತೆಲಿಯಲ್ಲಿ ಇಡೀ ಚೀಸು ಕುದಿಯುತ್ತಿತ್ತು, ಅದರೊಳಗೆ ಒಂದು ವೀಳ್ಯದೆಲೆ, ನಾಲ್ಕು ಹರಳು ಉಪ್ಪು. ಇಲಿ ಮುಟ್ಟಿದ ಬೆಣ್ಣೆಯನ್ನು ಅಜ್ಜಿ ಎಸೆಯುತ್ತಿರಲಿಲ್ಲ. ಕಚ್ಚಿದ ತುದಿಯನ್ನು ಕೊಯ್ದು ತೆಗೆದು, ಉಳಿದದ್ದನ್ನು ಎಲೆ ಹಾಕಿ ಕಾಸಿ ತುಪ್ಪ ಮಾಡುವಳು, ಬೆಂಕಿ ಕಂಡದ್ದು ಶುದ್ಧ ಎಂಬುದು ಅವಳ ಲೆಕ್ಕ. ನನ್ನ ಹಲ್ಲಿನ ಗುರುತನ್ನು ಇಲಿಯದೆಂದೇ ತಿಳಿದು, ಹಬ್ಬದ ಮನೆಯವರಿಗೆ ಮೈಲಿಗೆಯ ಪದಾರ್ಥ ಕೊಡಬಾರದೆಂದು ಲಿಲ್ಲಿಬಾಯಿಯ ಚೀಸಿಗೂ ಹಾಗೆಯೇ ಮಾಡಿದ್ದಳು. ಆದರೆ ತುಪ್ಪ ಬರಲಿಲ್ಲ. ಸೌಟು ಎತ್ತಿದರೆ ಮೊಳದುದ್ದದ ಹಳದಿ ಎಳೆಗಳು ಜೋತಾಡುತ್ತಿದ್ದವು.

ಹಣೆಯಿಂದ ಬೆವರಿಳಿಯುತ್ತಿದ್ದ ಅಜ್ಜಿ ಗೋಡೆಯಾಚೆಗೆ ಕೂಗಿದಳು: "ಲಿಲ್ಲೀ, ಇದೆಂಥಾ ಬೆಣ್ಣಿನs? ಕಾಸಿದಷ್ಟೂ ಅಂಟ ಆಗಲಿಕ್ಕತ್ತದಲ್ಲ!"

ಲಿಲ್ಲಿಬಾಯಿ ಹೊಸ್ತಿಲಲ್ಲಿ ಬಂದು ನಿಂತರು. ಪಾತೆಲಿ ನೋಡಿದರು. "ಜೆಜೂ! ಎಂತ ಮಾಡಿದ್ರಿ ಅಮ್ಮ ನೀವು?" ಎಂದವರು ಅಲ್ಲೇ ಕುಸಿದು ಕುಳಿತರು. ಮಾರ್ಕೆಟ್ಟಿಗೆ ಹಬ್ಬದ ರಜೆ. ಬಾಂದ್ರಾದವರು ಬರಲು ಐದು ತಾಸಿತ್ತು. ನಡುವೆ ಚೀಸಿಲ್ಲದ ಹಲಗೆ ಅವರ ಕಣ್ಣಿಗೆ ದೇವರಿಲ್ಲದ ಮಂಟಪ.

"ಇಲಿ ಮುಟ್ಟಿತ್ತವಾ. ನಾನs ಚಿಲಕ ಹಾಕಿರಲಿಕ್ಕಿಲ್ಲ" ಎಂದಳು ಅಜ್ಜಿ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾನು ಅವಳ ಬೆನ್ನ ಹಿಂದೆ ಸರಿದು ನಿಂತೆ.

ಕುಳಿತಲ್ಲಿಂದಲೇ ಲಿಲ್ಲಿಬಾಯಿ ತಮಗೇ ಹೇಳಿಕೊಳ್ಳುವಂತೆ, ಸಾಹೇಬರ ಹೆಂಡತಿ ಒಮ್ಮೊಮ್ಮೆ ಹಾಲಿಗೆ ನಿಂಬೆ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಬಿಳಿ ಚೀಸು ಮಾಡುತ್ತಿದ್ದರು ಎಂದರು. "ಆದ್ರೆ ನನ್ನ ಪಾತ್ರೆಯೆಲ್ಲ ಮಾಂಸದ್ದು ಉಂಟು. ಅದರ ವಾಸನೆ ಹಾಲಿಗೆ ಬರ್ತದೆ." ಮುಂದೆ ಅವರು ಏನನ್ನೂ ಕೇಳಲಿಲ್ಲ. ಕೇಳಬಾರದೆಂದು ಅವರಿಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಹಾಲು ತಾನಾಗಿ ಒಡೆದರೂ ಅಪಶಕುನವೆಂದು ಅಜ್ಜಿ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದಳು. ಬೇಕೆಂದೇ ಒಡೆಸುವ ಮಾತು ಅವಳ ಮುಂದೆ ಯಾರೂ ಆಡಿರಲಿಲ್ಲ.

ಅಜ್ಜಿ ಎದ್ದಳು. ಅಪ್ಪನನ್ನು ತಬೇಲಾಕ್ಕೆ ಅಟ್ಟಿ ಎಮ್ಮೆಯ ಹಾಲು ತರಿಸಿದಳು. ಹಾಲು ಉಕ್ಕಿ ಬಂದಾಗ ಒಲೆಯಿಂದ ಇಳಿಸಿ, ಪಾತ್ರೆಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪಾತು ತಾಯಿ. ಒಂದು ಹುಡಿಗಿ ಲಗ್ನದ ಸಲುವಾಗಿ" ಎಂದು ನಿಂಬೆ ಹಿಂಡಿದಳು. ಹಾಲು ಒಡೆದ ಆ ಕ್ಷಣ ಅವಳು ಮುಖ ಆಚೆ ತಿರುಗಿಸಿದ್ದನ್ನು ನಾನು ನೋಡಿದೆ. ಆಮೇಲೆ ಅವಳಿಗೆ ಎಲ್ಲಿಲ್ಲದ ಹುರುಪು ಬಂತು. ಹಳೆಯ ಪಂಚೆಯಲ್ಲಿ ಕಟ್ಟಿ, ಒರಳಿನ ಗುಂಡು ಹೇರಿ, ಗುಂಡಿನ ಮುಂದೆಯೇ ಕುಳಿತಳು. ಇಳಿಹೊತ್ತಿಗೆ ಬಟ್ಟೆ ಬಿಚ್ಚಿದರೆ ಬೆಳ್ಳಗಿನ ದುಂಡು ಬಿಲ್ಲೆ, ಮೈಮೇಲೆ ಪಂಚೆಯ ನೇಯ್ಗೆಯ ಗುರುತು. ಅದಕ್ಕೆ ಉಪ್ಪು, ಕುಟ್ಟಿದ ಮೆಣಸು ಸವರಿದಳು. ಆ ದಿನ ಅದನ್ನು ಹೊಸ್ತಿಲ ಮೇಲಿಡಲಿಲ್ಲ. ಗ್ಯಾಲರಿಗೆ ಬಂದಳು, ಮೂಗಿನ ಸೆರಗು ಬಿಟ್ಟಳು, ಗುಲಾಬಿ ಮಾಂಸದ ಎಸಳುಗಳ ನಡುವೆ ಲಿಲ್ಲಿಬಾಯಿ ಬಿಟ್ಟಿದ್ದ ಜಾಗದಲ್ಲಿ ತನ್ನ ಕೈಯಿಂದಲೇ ಇಟ್ಟಳು. ಸರಿ ಕೂತಿಲ್ಲವೆಂದು ಒಮ್ಮೆ ತಿರುಗಿಸಿ ಇಟ್ಟಳು. ಆಮೇಲೆ ನೆಟ್ಟಗೆ ನಲ್ಲಿಗೆ ಹೋಗಿ ಮೈಮೇಲೆ ನೀರು ಸುರುವಿಕೊಂಡಳು.

ಹುಡುಗನ ತಾಯಿ ಮೊದಲು ನಾಲಿಗೆಯ ಒಂದು ಚೂರು, ಆಮೇಲೆ ಬಿಳಿ ಚೀಸು ತಿಂದರು. ಮತ್ತೆ ಬಿಳಿಯದನ್ನೇ ತೆಗೆದುಕೊಂಡರು. ಎಲ್ಲಿಂದ ತರಿಸಿದಿರಿ ಎಂದು ಕೇಳಿದರು. "ನಮ್ಮ ಅಮ್ಮ ಮಾಡಿದ್ದು" ಎಂದರು ಲಿಲ್ಲಿಬಾಯಿ, ನಮ್ಮ ಬಾಗಿಲ ಕಡೆ ಕೈ ತೋರಿಸಿ. ಈಸ್ಟರ್ ಕಳೆದ ಮೇಲೆ ತೆರೆಜಾಳ ಮದುವೆಯಾಯಿತು.

ಮರುದಿನ ಗ್ಯಾಲರಿಯ ಕಟಕಟೆಯ ಬಳಿ ಲಿಲ್ಲಿಬಾಯಿ ನನ್ನನ್ನು ಕರೆದರು. ಅವರ ಅಂಗೈಯಲ್ಲಿ ಅಜ್ಜಿ ಕಾಗೆಗೆಂದು ಕೊಯ್ದಿಟ್ಟಿದ್ದ ಚೀಸಿನ ತುದಿ. ಅದರ ಮೇಲೆ ಎರಡು ಕಡೆ ಹಲ್ಲಿನ ಗುರುತು, ನಡುವೆ ಖಾಲಿ.

"ಬಾಯಿ ತೆಗಿ ಮಗಾ."

ತೆಗೆದೆ. ಅವರು ಚೀಸು ನೋಡಿದರು, ನನ್ನ ಬಾಯಿ ನೋಡಿದರು. "ಈ ಇಲಿಗೆ ಇನ್ನೂ ಹಲ್ಲು ಬರ್ಬೇಕಷ್ಟೆ" ಎಂದು ಆ ತುದಿಯನ್ನು ನನ್ನ ಬಾಯಿಗೇ ಹಾಕಿದರು. ಅಜ್ಜಿಗೆ ಅವರು ಹೇಳಲಿಲ್ಲ. ನಾನೇ ಹೇಳಲಿ ಎಂದು ಕಾದರೇನೋ, ಈಗ ಹಾಗನ್ನಿಸುತ್ತದೆ. ಮುಂದೆ ಪ್ರತಿ ಹಬ್ಬಕ್ಕೂ ಹಲಗೆಯಿಂದ ಒಂದು ಚೂರು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದರು. "ಇಲಿಗೆ" ಅನ್ನುತ್ತಿದ್ದರು, ಅಷ್ಟೇ.

ಈಗ ಆ ಚಾಳಿಲ್ಲ, ಹಲಗೆ ಯಾರ ಮನೆ ಸೇರಿತೋ ಗೊತ್ತಿಲ್ಲ. ಲಿಲ್ಲಿಬಾಯಿ ಬಾಂದ್ರಾದಲ್ಲಿ ಮಗಳ ಮನೆಯಲ್ಲೇ ತೀರಿಕೊಂಡರು. ಅಜ್ಜಿ ಅವರಿಗಿಂತ ಮೊದಲೇ ಹೋದಳು. ಆ ಹಬ್ಬದ ನಂತರ ಬದುಕಿರುವಷ್ಟು ದಿನವೂ ಅವಳು ಮಲಗುವ ಮುಂಚೆ ಕಪಾಟಿನ ಹತ್ತಿರ ಹೋಗಿ, ಹಾಕಿದ ಚಿಲಕವನ್ನೇ ಮತ್ತೊಮ್ಮೆ ಎಳೆದು ನೋಡುತ್ತಿದ್ದಳು. "ಅವತ್ತು ಮರತಿದ್ದೆ ನೋಡು" ಎಂದು ತನ್ನಷ್ಟಕ್ಕೇ ಅನ್ನುತ್ತಿದ್ದಳು. ನಾನು ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ.

ಮೊನ್ನೆ ಮೊಮ್ಮಗಳು ಚೀಸು ಒಳಗಿಟ್ಟು ಫ್ರಿಜ್ಜಿನ ಬಾಗಿಲು ಹಾಕಿದಳು. ಅವಳು ಆಚೆ ಹೋದ ಮೇಲೆ ನಾನು ಹತ್ತಿರ ಹೋಗಿ ಆ ಬಾಗಿಲನ್ನು ಇನ್ನೊಮ್ಮೆ ಒತ್ತಿ ನೋಡಿದೆ. ಸರಿಯಾಗಿಯೇ ಹಾಕಿತ್ತು.