ನನ್ನ ಜೀಪು ಎಳೆಯುವಷ್ಟೇ

ಜನರೇಟರಿನ ಮೈಮೇಲಿನ ತಗಡಿನ ಪಟ್ಟಿಯಲ್ಲಿ ಸಾವಿರದ ಇನ್ನೂರು ಕಿಲೋ ಎಂದು ಬರೆದಿತ್ತು. ನನ್ನ ಜೀಪಿನ ಪುಸ್ತಕದಲ್ಲಿ, ಬ್ರೇಕ್ ಇರುವ ಟ್ರಾಲಿಯಾದರೆ ಸಾವಿರದ ಎಂಟುನೂರು ಕಿಲೋ ಎಳೆಯಬಹುದು ಎಂದಿದೆ. ಸೂಪರ್‌ವೈಸರ್ ಎರಡರದ್ದೂ ಫೋಟೋ ತೆಗೆದು, ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ.

"ಕಾಕಾ, ಇನ್ನೂ ಆರುನೂರು ಕಿಲೋ ಉಳೀತದ. ತಕರಾರು ಯಾಕ ಮಾಡ್ಲಿಕತ್ತೀರಿ?"

ಪುಣೆಯಲ್ಲಿ ಮದುವೆ, ಸಭೆ, ಸಮಾರಂಭಗಳಿಗೆ ಜನರೇಟರ್ ಬಾಡಿಗೆ ಕೊಡುವ ಒಬ್ಬ ಮಾಲೀಕರ ಹತ್ತಿರ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಜನರೇಟರ್ ಮತ್ತು ಟ್ರಾಲಿ ಅವರದು, ಎಳೆಯುವ ಜೀಪು ನನ್ನದು. ಮದುವೆಯ ಹಂಗಾಮಿನಲ್ಲಿ ನನ್ನ ದುಡಿಮೆಯ ಬಹುಪಾಲು ಅಲ್ಲಿಂದಲೇ. ಈ ಸೂಪರ್‌ವೈಸರ್ ಹೊಸಬ. ನಮ್ಮ ಧಾರವಾಡದ ಕಡೆಯವನೇ, ಡಿಪ್ಲೊಮಾ ಮುಗಿಸಿ ಬಂದವನು. ಅವತ್ತು ಸಂಜೆ ಬಾರಾಮತಿಯಲ್ಲಿ ಮದುವೆ ಇತ್ತು. ಮಧ್ಯಾಹ್ನ ನಾಲ್ಕರೊಳಗೆ ಜನರೇಟರ್ ಮುಟ್ಟಬೇಕು. ದಾರಿಯಲ್ಲಿ ದಿವೆ ಘಾಟಿನ ಕಡಿದಾದ ಏರು.

ನನ್ನ ತಕರಾರು ಇಷ್ಟೇ. ತಗಡಿನ ಮೇಲಿರುವುದು ಬರೀ ಜನರೇಟರಿನ ತೂಕ. ಅದರೊಳಗಿನ ಡೀಸೆಲ್ ಆ ಲೆಕ್ಕದಲ್ಲಿಲ್ಲ. ಅದನ್ನು ಹೊತ್ತ ಟ್ರಾಲಿಯ ಕಬ್ಬಿಣ ಇಲ್ಲ, ಗಾಲಿ ಇಲ್ಲ. ಟ್ರಾಲಿಯ ಮೇಲೆ ಹೇರಿದ್ದ ಕೇಬಲ್ಲಿನ ಸುರುಳಿಗಳೂ ಇಲ್ಲ. ಎಳೆಯುವ ಜೀಪು "ಇದು ತಗಡಿನ ಮೇಲೆ ಬರೆದಿಲ್ಲ" ಎಂದು ಅವನ್ನೆಲ್ಲ ಬಿಟ್ಟು ಬರುವುದಿಲ್ಲ.

ಪುಸ್ತಕ ಇಂಗ್ಲಿಷಿನಲ್ಲಿದೆ, ನನಗೆ ಅದರ ಅಂಕಿಗಳು ಮಾತ್ರ ತಿಳಿಯುತ್ತವೆ. ಜೀಪು ಕೊಂಡ ವಾರದಲ್ಲಿ ಮೂರು ದಿನ ವರ್ಕ್‌ಶಾಪಿನ ಬೆಂಚಿನ ಮೇಲೆ ಕುಳಿತು, ಹಿರಿಯ ಮೆಕ್ಯಾನಿಕ್ ಊಟಕ್ಕೆ ಏಳುವ ಹೊತ್ತಿಗೆ ಬೆನ್ನು ಹತ್ತಿ, ಒಂದೊಂದು ಅಂಕಿಯ ಅರ್ಥವನ್ನೂ ಮರಾಠಿಯಲ್ಲಿ ಕೇಳಿಕೊಂಡಿದ್ದೆ. ಎಳೆಯುವ ಭಾರ ಒಂದು. ಜೀಪು ಮತ್ತು ಟ್ರಾಲಿ ಕೂಡಿ ದಾಟಬಾರದ ಭಾರ ಇನ್ನೊಂದು. ಜೀಪಿನೊಳಗೆ ಡ್ರೈವರ್ ಒಬ್ಬನೇ ಇದ್ದಾಗ ಮೊದಲನೆಯದು ಪೂರ್ತಿ ಸಿಗುತ್ತದೆ. ಐದು ಜನ ಹತ್ತಿ ಕುಳಿತರೆ ಅವರ ಭಾರವನ್ನು ಅದರಿಂದ ಕಳೆಯಬೇಕು. ಅವತ್ತು ಮದುವೆಯಲ್ಲಿ ಜನರೇಟರಿನ ಕೆಲಸಕ್ಕೆ ಹೊರಟ ಐದು ಜನ ಆಗಲೇ ಜೀಪಿನಲ್ಲಿ ಕುಳಿತು ತಂಬಾಕು ತಿಕ್ಕುತ್ತಿದ್ದರು.

"ಎಷ್ಟನೇ ಇಯತ್ತೆ ತನಕಾ ಕಲ್ತೀರಿ, ಕಾಕಾ?" ಸೂಪರ್‌ವೈಸರ್ ಕೇಳಿದ. ಜೀಪಿನಲ್ಲಿ ಕುಳಿತವರು ನಕ್ಕರು.

"ಆರನೇದು. ಕೂಡ್ಸೋದು ಕಳ್ಯೋದು ಅಷ್ಟರಾಗ ಮುಗದಿತ್ತು. ನಿಮ್ಮ ಡಿಪ್ಲೊಮಾದಾಗ ಅದನ್ನ ಮತ್ತ ಕಲಸೋದಿಲ್ಲೇನು?"

ಈಗ ಅವರು ಇನ್ನೂ ಜೋರಾಗಿ ನಕ್ಕರು. ಅವನು ಮುಖ ಗಂಟಿಕ್ಕಿದ.

"ಇವತ್ತ ಎಳೀಲಿಲ್ಲಂದ್ರ ನಾಳಿಂದ ಬರೋದ ಬ್ಯಾಡ್ರಿ. ಎಳ್ಯಾವ್ರು ಭಾಳ ಮಂದಿ ಇದ್ದಾರ."

ಮನೆಯಲ್ಲಿ ಕಾಯುವವರು ನನಗೂ ಇದ್ದಾರೆ. ಆ ಮಾತು ಎದೆಗೆ ತಾಕಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಹೇಳಿದೆ: "ಮೊದಲ ತೂಗೂಣು. ತೂಕ ಸರಿ ಬಂತಂದ್ರ ನಿಮ್ಮ ಮುಂದ ಕೈ ಮುಗದು ಎಳೀತೇನಿ."

ಗೋಡೌನಿನ ಎದುರಿಗೇ ಲಾರಿ ತೂಗುವ ವೇ ಬ್ರಿಜ್. ರಸ್ತೆ ದಾಟಿ, ಟ್ರಾಲಿಯನ್ನು ಅದರ ಮೇಲೆ ನಿಲ್ಲಿಸಿ, ಹುಕ್ಕಿನ ಪಿನ್ನು ಎಳೆದೆ. ಟ್ರಾಲಿಯ ಮೂಕಿ, ಅಂದರೆ ಹುಕ್ಕಿಗೆ ಸಿಕ್ಕಿಸುವ ಮುಂದಿನ ದಂಡ, ತಾನಾಗಿಯೇ ಗೇಣುದ್ದ ಮೇಲೆದ್ದಿತು.

ಆ ಐವರಲ್ಲಿ ಜನರೇಟರ್ ನಡೆಸುವ ಆಪರೇಟರನ ಕಡೆ ನೋಡಿದೆ. ಅವನು ಬೆಳಗಾವಿಯವನು, ನನ್ನ ವಯಸ್ಸಿನವನು. ಕೇಬಲ್ ಹೇರಿಸಿದ್ದು ಅವನೇ. ನಮ್ಮ ಗೋಡೌನಿನ ರೂಢಿಯೇ ಅದು: ಮೂಕಿ ಎತ್ತಿ ಹುಕ್ಕಿಗೆ ಸಿಕ್ಕಿಸಲು ಹಗುರವಾಗಲಿ ಎಂದು ಭಾರವಾದ ಸಾಮಾನೆಲ್ಲ ಟ್ರಾಲಿಯ ಬಾಲಕ್ಕೆ ಹಾಕುವುದು. ಒಂದೇ ಕೈಯಿಂದ ಮೂಕಿ ಕೂರಿಸುವವನು ಅಲ್ಲಿ ಶೂರ.

"ಎಂದಾರ ಎತ್ತಿನ ಗಾಡಿ ಹೇರೀಯೇನೋ?" ಎಂದೆ.

"ನಮ್ಮಪ್ಪ ಹೇರಾಂವ."

"ಹಿಂಭಾರ ಆದ್ರ ಏನಾಕ್ಕಿತ್ತು?"

"ನೊಗ ಮ್ಯಾಲೇಳತಿತ್ತು. ಎತ್ತಿನ ಕೊರಳು ಬಿಗಿಯೂದು." ಅಷ್ಟು ಹೇಳಿ ಅವನು ಮೂಕಿಯನ್ನೇ ನೋಡುತ್ತ ನಿಂತ. "ಇದಕ್ಕ ಕೊರಳಿಲ್ಲಲ್ಲಪಾ, ಅದಕ್ಕ ಯಾರೂ ನೆನಸಲಿಲ್ಲ."

ಕೊರಳಿಲ್ಲ, ನಿಜ. ಆದರೆ ಜೀಪಿನ ಹಿಂದಿನ ಗಾಲಿಗಳನ್ನು ರಸ್ತೆಗೆ ಒತ್ತಿ ಹಿಡಿಯುವುದು ಮೂಕಿಯ ಭಾರ. ಟ್ರಾಲಿಯ ಹತ್ತರಲ್ಲಿ ಒಂದು ಪಾಲು ಭಾರ ಹುಕ್ಕಿನ ಮೇಲೆ ಕೂರಬೇಕು. ಬಾಲ ಭಾರವಾದರೆ ಇಳಿಜಾರಿನಲ್ಲಿ ಟ್ರಾಲಿ ಅತ್ತಿತ್ತ ತೂಗಾಡತೊಡಗುತ್ತದೆ, ಆಮೇಲೆ ಜೀಪನ್ನು ನಡೆಸುವವನು ಡ್ರೈವರ್ ಅಲ್ಲ, ಟ್ರಾಲಿ.

ವೇ ಬ್ರಿಜ್ಜಿನವನು ಚೀಟಿ ಕೊಟ್ಟ. ಟ್ರಾಲಿಯೊಂದೇ ಸಾವಿರದ ಒಂಬೈನೂರಾ ತೊಂಬತ್ತು ಕಿಲೋ. ಸೂಪರ್‌ವೈಸರ್ ಚೀಟಿಯನ್ನು ತಿರುಗಿಸಿ ಹಿಂದೆಯೂ ನೋಡಿದ, ಅಲ್ಲಿ ಬೇರೆ ಅಂಕಿ ಇದ್ದೀತು ಎಂಬಂತೆ.

"ಕಂಪನಿಯವ್ರು ಸ್ವಲ್ಪ ಕಡಿಮೀನ ಬರದಿರ್ತಾರ ಕಾಕಾ. ಇನ್ನೂರು ಹೆಚ್ಚಾದ್ರ ಏನೂ ಆಗೂದಿಲ್ಲ. ಎಂಜಿನ್ನಿಗೆ ದಮ್ ಅದ."

"ಎಳ್ಯಾಕ ದಮ್ ಅದ. ನಿಲ್ಲಸಾಕ? ಮರಳಿ ಬರೂಮುಂದ ಅದ ಘಾಟು ಇಳೀಬೇಕು. ನೀವು ಮುಂದ ನನ್ನ ಬಾಜೂ ಕುಂಡ್ರತೀರೇನು?"

ಅವನು ಮೋಟರ್‌ಸೈಕಲ್ಲಿನ ಮೇಲೆ ಬರುವವನಿದ್ದ. ನಾನು ಜೀಪಿನ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡು ವೇ ಬ್ರಿಜ್ಜಿನ ಕಟ್ಟೆಯ ಮೇಲೆ ಕುಳಿತೆ. ಹಿಂದೆ ಎರಡು ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಹೊಡೆಯಲಿ ಎಂದುಕೊಂಡೆ. ಅವನು ಫೋನಿನಲ್ಲಿ ಬೇರೆ ಜೀಪು ಹುಡುಕಿದ, ಆ ಹೊತ್ತಿಗೆ ಸಿಗಲಿಲ್ಲ. ಕಡೆಗೆ ಮಾಲೀಕರಿಗೆ ಫೋನು ಹಚ್ಚಿದ. ನನ್ನ ಬಗ್ಗೆ ಏನೇನು ಹೇಳಿದ ಎಂಬುದೆಲ್ಲ ಕೇಳಿಸಿತು. ಕೇಳಿಸಲಿ ಎಂದೇ ಜೋರಾಗಿ ಹೇಳುತ್ತಿದ್ದ. ಫೋನು ಇಟ್ಟು, "ಹೆಂಗ ಬೇಕೋ ಹಂಗ ಮಾಡ್ಕೋರಿ," ಎಂದ.

ಕೇಬಲ್ಲೆಲ್ಲ ಇಳಿಸಿ ಒಂದು ಬಾಡಿಗೆ ಟೆಂಪೋಕ್ಕೆ ಹಾಕಿಸಿದೆ. ಐದೂ ಜನರನ್ನು ಸ್ವಾರಗೇಟ ಬಸ್ ನಿಲ್ದಾಣದಿಂದ ಬರುವ ಬಾರಾಮತಿ ಬಸ್ಸಿಗೆ ಹತ್ತಿಸಿದೆ. ಗೊಣಗುತ್ತಲೇ ಹತ್ತಿದರು. ಟ್ರಾಲಿಯನ್ನು ಮತ್ತೆ ತೂಗಿದೆ: ಸಾವಿರದ ಏಳುನೂರಾ ನಲವತ್ತು. ಈಗ ಮೂಕಿ ಎತ್ತಲು ನಾನೂ ಟೆಂಪೋದ ಡ್ರೈವರನೂ ಇಬ್ಬರೂ ಕೂಡಬೇಕಾಯಿತು. ಸೊಂಟ ಹಿಡಿದುಕೊಂಡಿತು. ಆದರೆ ಮೂಕಿ ಹುಕ್ಕಿನ ಮೇಲೆ ಕೂತಾಗ ಜೀಪಿನ ಹಿಂಭಾಗ ಚೂರು ಬಾಗಿದ್ದನ್ನು ಕಂಡು ಮನಸ್ಸು ಗಟ್ಟಿಯಾಯಿತು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಾರಾಮತಿಯ ಮಂಟಪದ ಹಿಂದೆ ಟ್ರಾಲಿ ನಿಲ್ಲಿಸಿದೆ. ಮರುದಿನ ಅಷ್ಟೇ ಭಾರದೊಂದಿಗೆ ಘಾಟು ಇಳಿದು ಬಂದೆ.

ಅದಾದ ಮೇಲೆ ಮಾಲೀಕರು ನನ್ನನ್ನು ಕರೆಯಲಿಲ್ಲ. ಆ ಹಂಗಾಮು ಪೂರ್ತಿ ಬೇರೆ ಜೀಪು ಎಳೆಯಿತು. ಎಷ್ಟು ಭಾರ, ಯಾವ ಕಡೆ ಹೇರಿ ಎಳೆಯಿತೋ ನಾನು ಕೇಳಲಿಲ್ಲ. ಮಾಲೀಕರ ಮನೆಗೆ ಹೋಗಿ ಸಮಜಾಯಿಷಿ ಹೇಳು ಎಂದು ಮನೆಯವಳು ಅಂದಳು. ಸಮಜಾಯಿಷಿ ಹೇಳಬೇಕಾದ ತಪ್ಪೇನೂ ನಾನು ಮಾಡಿರಲಿಲ್ಲ, ಹೋಗಲಿಲ್ಲ. ಎರಡು ತಿಂಗಳು ಸಿಕ್ಕ ಕೆಲಸ ಮಾಡಿದೆ. ನೀರಿನ ಟ್ಯಾಂಕರು ಎಳೆದೆ, ಕಾಂಕ್ರೀಟ್ ಕಲಸುವ ಮಿಕ್ಸರು ಎಳೆದೆ.

ಒಂದು ದಿನ ಪೇಂಟರನನ್ನು ಕರೆದು ಜೀಪಿನ ಹಿಂದೆ, ಹುಕ್ಕಿನ ಮೇಲ್ಗಡೆ ಮರಾಠಿಯಲ್ಲಿ ಬರೆಸಿದೆ: ಡ್ರೈವರ್ ಒಬ್ಬನೇ ಇದ್ದರೆ ಸಾವಿರದ ಎಂಟುನೂರು ಕಿಲೋ, ಡೀಸೆಲ್ ಮತ್ತು ಟ್ರಾಲಿ ಹಿಡಿದು, ಕುಳಿತವರನ್ನು ಕಳೆದು. ಪೇಂಟರ್ ನಕ್ಕ. ಎಲ್ಲರೂ ಗಾಡಿಯ ಹಿಂದೆ ತಾಯಿಯ ಆಶೀರ್ವಾದ ಬರೆಸುತ್ತಾರೆ ಎಂದ. ಅದನ್ನು ಮುಂದೆ ಬರೆ, ಇದು ಹಿಂದೆಯೇ ಇರಲಿ ಎಂದೆ. ಈಗ ಭಾರ ತರುವವರು ಮೊದಲು ಅದನ್ನು ಓದುತ್ತಾರೆ. ಕೆಲವರು ಮರಳಿ ಹೋಗುತ್ತಾರೆ. ಹೋಗಲಿ. ಉಳಿದವರಿಗೆ ತೂಕದ ಚೀಟಿ ತೋರಿಸಿ ಅನ್ನುತ್ತೇನೆ, ತೋರಿಸುತ್ತಾರೆ.