ಭಾಷಣದ ನಡುವೆ ಯೋಚಿಸಿದ ಅಪರಾಧ

ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದಾಗ, ಶಾಲೆಗೆ ಸ್ವಂತದ್ದೊಂದು ಭಾಷಣವಿತ್ತು. ವಿಷಯ, ಸಮಯದ ಮಹತ್ವ. ಅದನ್ನು ಇಂಗ್ಲಿಷಿನಲ್ಲಿ ಬರೆದ ಪುಣ್ಯಾತ್ಮ ಯಾರೆಂಬುದು ಇತಿಹಾಸಕ್ಕೆ ತಿಳಿಯದು. ಪ್ರತಿ ವರ್ಷ ಜಾಣ ಮಗುವೊಂದನ್ನು ಆರಿಸಿ, ಅದಕ್ಕೆ ಬಾಯಿಪಾಠ ಮಾಡಿಸಿ, ಸ್ಪರ್ಧೆಗೆ ಕಳಿಸುವುದು ಪದ್ಧತಿ. ಮಗು ಬದಲಾಗುತ್ತಿತ್ತು, ಭಾಷಣ ಬದಲಾಗುತ್ತಿರಲಿಲ್ಲ. ಮನೆಯ ಹೆಣ್ಣುಮಕ್ಕಳೆಲ್ಲ ಒಂದೇ ಧಾರೆ ಸೀರೆಯಲ್ಲಿ ಮದುವೆಯಾದ ಹಾಗೆ. ಎಲ್ಲಿ ಕೈ ಎತ್ತಬೇಕು, ಎಲ್ಲಿ ಗದ್ಗದಿತರಾಗಬೇಕು ಎಂಬುದೂ ಪರಂಪರಾಗತವಾಗಿಯೇ ಬಂದಿತ್ತು.

ಜಾಣರಿಗಾಗಿ ನಮ್ಮಲ್ಲಿದ್ದ ಏರ್ಪಾಡು ಅದೊಂದೇ. ಹಿಂದುಳಿದವರಿಗೆ ಸಂಜೆ ವಿಶೇಷ ತರಗತಿ. ಜಾಣರ ಕೈಗೆ ಚಾಕ್‌ಪೀಸು, ಹೋಗಿ ಉಳಿದವರಿಗೆ ಹೇಳಿಕೊಡು ಎಂಬ ಆಶೀರ್ವಾದ. ಅವರು ಕಲಿಯುವುದು ಯಾವಾಗ ಎಂದು ಯಾರೂ ಕೇಳಿರಲಿಲ್ಲ. ಪಾಠ ಆಗಲೇ ಬರುವವರಿಗೆ ಮತ್ತೆ ಕಲಿಸುವುದು ದುಂದುವೆಚ್ಚವೆಂಬುದು ಸ್ಟಾಫ್‌ರೂಮಿನ ಸರ್ವಾನುಮತದ ನಿಲುವು.

ಆ ವರ್ಷ ಆಯ್ಕೆಯಾದವಳು ಒಂಬತ್ತನೆಯ ತರಗತಿಯ, ಹೆಮ್ಮರಗಾಲದ ಕಡೆಯಿಂದ ಬರುತ್ತಿದ್ದ ಹುಡುಗಿ. ಬಿತ್ತನೆ ಬೀಜದ ಪೊಟ್ಟಣದ ಹಿಂದಿನ ಇಂಗ್ಲಿಷನ್ನೆಲ್ಲ ಓದಿ, ಕಂಪನಿಯವರು ಏನನ್ನೂ ಖಚಿತವಾಗಿ ಹೇಳಿಯೇ ಇಲ್ಲವೆಂದು ಅಪ್ಪನ ಹತ್ತಿರ ತಕರಾರು ತೆಗೆದವಳು. ಭಾಷಣ ಓದಿದವಳೇ ಹಿಂದಿರುಗಿಸಿದಳು.

"ಸಮಯ ಎಲ್ರಿಗೂ ಒಂದೇ ಅಂತದೆ ಇದು. ನಮ್ಮೂರ್ ಬಸ್ಸಿಗೂ ಒಂದೇನಾ ಸಾ? ಬೇಕಾದ್ರೆ ನಾನೇ ಬರ್ಕತೀನಿ. ಇದ ಒಪ್ಸು ಅಂದ್ರೆ ನನ್ನ ಎಸ್ರು ತಗ್ದಾಕಿ."

ಪ್ರಕರಣ ಹೆಡ್‌ಮಾಸ್ಟರ ಮುಂದೆ ಹೋಯಿತು. ಅವರು ಗಣಿತದವರು, ನ್ಯಾಯವಂತರು. ಒಂದು ಷರತ್ತಿನ ಮೇಲೆ ಒಪ್ಪಿದರು. "ಬಹುಮಾನ ತಂದ್ರೆ ಸರಿ. ತರ್ದಿದ್ರೆ ಮುಂದಿನ್ ವರ್ಷ ಹಳೇದ್ನೇ ಒಪ್ಸಬೇಕು. ಕಮಕ್ ಕಿಮಕ್ ಅನ್ನಂಗಿಲ್ಲ."

ಅಲ್ಲಿಂದ ಊಟದ ಬಿಡುವಿನಲ್ಲಿ ಹೊಂಗೆ ಮರದ ಕೆಳಗೆ ನಮ್ಮ ಕದನ. ನನ್ನದು ಎದುರು ಪಕ್ಷದ ವಕಾಲತ್ತು. ಬಸ್ಸು ತಡವೆಂದು ಅವಳು ಬರೆದರೆ ನಾನು ಡ್ರೈವರನ ಪರ. ಕಚೇರಿಯವರು ಬಡವರನ್ನು ಕಾಯಿಸುತ್ತಾರೆಂದರೆ ನಾನು ಗುಮಾಸ್ತರ ಪರ. ಹೊಗಳಿಕೆಯಲ್ಲಿ ನಾನು ಮಿತವ್ಯಯಿ. ಮುಖ ಊದಿಸಿಕೊಂಡು ಹೋದವಳು ಮರುದಿನ ನನ್ನ ಬಾಯಿ ಮುಚ್ಚಿಸುವಂಥ ವಾಕ್ಯ ತರುತ್ತಿದ್ದಳು. ಓದಲೆಂದು ಕೊಟ್ಟ ದೊಡ್ಡವರ ಪುಸ್ತಕವನ್ನು, ಪರವಾಗಿಲ್ಲ ಆದರೆ ಉದ್ದ ಜಾಸ್ತಿ ಎಂಬ ವಿಮರ್ಶೆಯೊಂದಿಗೆ ವಾಪಸು ಮಾಡಿದಳು.

ಸ್ಪರ್ಧೆ ತಿ. ನರಸೀಪುರದಲ್ಲಿ, ಅವರದೂ ನಮ್ಮದೂ ಎರಡೂ ತಾಲ್ಲೂಕುಗಳ ಶಾಲೆಗಳಿಗೆ. ಮುಖ್ಯ ಅತಿಥಿಗಳು ಬರುವುದು ತಡವಾಯಿತು. ಸಮಯದ ಮಹತ್ವವನ್ನು ಸಾರಲು ಬಂದ ಮಕ್ಕಳು ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತು ಆಕಳಿಸಿದರು. ಅತಿಥಿಗಳು ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮೊದಲ ಮಗು ಬಾಯಿ ತೆರೆದಾಗ ನನಗೆ ರೋಮಾಂಚನವಾಯಿತು. ಅದು ನಮ್ಮದೇ ಭಾಷಣ. ಎರಡನೆಯದ್ದೂ ಅದೇ, ಮೂರನೆಯದ್ದೂ ಅದೇ. ವರ್ಗವಾಗಿ ಹೋಗುವ ಮೇಷ್ಟ್ರುಗಳು ಉಪ್ಪಿನಕಾಯಿ ಜಾಡಿಯ ಜೊತೆ ಅದನ್ನೂ ಊರೂರಿಗೆ ಒಯ್ದಿದ್ದರು. ತೀರ್ಪುಗಾರರ ತುಟಿಗಳೂ ಜೊತೆಜೊತೆಗೇ ಆಡುತ್ತಿದ್ದವು.

ನಮ್ಮವಳ ಸರದಿ ಬಂತು. ಯಾರು ಕಾಯುತ್ತಾರೆ, ಯಾರು ಕಾಯಿಸುತ್ತಾರೆ ಎಂದು ಶುರು ಮಾಡಿದಳು. ತೀರ್ಪುಗಾರರ ತುಟಿಗಳು ದಾರಿ ತಪ್ಪಿ ನಿಂತವು. ಅರ್ಧಕ್ಕೆ ಬಂದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು. ಮುಂದಿನ ಸಾಲಿನ ಕರುಣಾಳು ಮೇಷ್ಟ್ರೊಬ್ಬರು ಹಳೆಯ ಭಾಷಣದ ಸಾಲೊಂದನ್ನು ಪಿಸುಗುಟ್ಟಿದರು. ಅವಳು ಬೆಂಚುಗಳ ಕಡೆ ನೋಡಿ, ನಾವು ಎಂದೂ ಅಭ್ಯಾಸ ಮಾಡದ ಮಾತನ್ನು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು: ಇವತ್ತು ನಾವೂ ಕಾದೆವು, ಯಾಕೆ ತಡವೆಂದು ಯಾರೂ ಹೇಳಲಿಲ್ಲ, ಆದರೂ ಚಪ್ಪಾಳೆ ತಟ್ಟಿದವರು ನಾವೇ.

ಮೊದಲು ಚಪ್ಪಾಳೆ ತಟ್ಟಿದವರು ಮುಖ್ಯ ಅತಿಥಿಗಳು. ಭಾಷಣ ನಿಂತ ಕೂಡಲೇ ಚಪ್ಪಾಳೆ ತಟ್ಟುವುದು ಅವರ ವೃತ್ತಿಧರ್ಮವಿರಬೇಕು.

ಬಹುಮಾನ ಬರಲಿಲ್ಲ, ಸಮಾಧಾನಕರವಾದದ್ದೂ ಬರಲಿಲ್ಲ. ತೀರ್ಪುಗಾರರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಚೆನ್ನಾಗೇ ಮಾತಾಡುದ್ಲು ಸಾ. ಮಧ್ಯ ಮರ್ತೋದ್ಲಲ್ಲ, ಅಲ್ಲೋಯ್ತು ನೋಡಿ."

ಮರೆಯಲಿಲ್ಲ, ಯೋಚಿಸುತ್ತಿದ್ದಳು ಎಂದೆ.

ಅವರು ನಿಜವಾಗಿಯೂ ಮರುಗಿದರು. "ಇರ್ಬೋದು ಸಾ. ಆದ್ರೆ ಅದುಕ್ಕೆ ಅಂಕ ಇಲ್ವಲ್ಲ."

ನಂಜನಗೂಡಿನ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಕಣ್ಣು ಕೆಂಪಾಗಿತ್ತು. ಸಮಾಧಾನ ಹೇಳುವ ಕಲೆ ನನಗೆ ಒಲಿದಿಲ್ಲ. ತೀರ್ಪುಗಾರರ ಪರ ವಕಾಲತ್ತು ವಹಿಸಿ, ನಿಂತದ್ದು ತಪ್ಪೇ ತಾನೇ ಎಂದೆ. ಬಹಳ ದೂರ ಉತ್ತರ ಬರಲಿಲ್ಲ. ಆಮೇಲೆ ಬರತೊಡಗಿದ್ದು ಬಸ್‌ಸ್ಟ್ಯಾಂಡಿನವರೆಗೂ ನಿಲ್ಲಲಿಲ್ಲ.

ಮರುದಿನ ಹೆಡ್‌ಮಾಸ್ಟರು ನಮ್ಮಿಬ್ಬರನ್ನೂ ಕರೆಸಿ, ಷರತ್ತನ್ನು ನೆನಪಿಸಿದರು. "ಮಾತಂದ್ರೆ ಮಾತು ಕಣವ್ವ. ಮುಂದಿನ್ ವರ್ಷ ಹಳೇದೇ."

ಅವಳು ಅಳಲಿಲ್ಲ. "ಒಂದ್ ಕೇಳ್ತೀನಿ ಸಾ. ಬೋರ್ಡಿನ್ ಮುಂದೆ ಲೆಕ್ಕ ಮಾಡೋರು ನಡುವ್ಕೆ ಒಂದ್ ಗಳ್ಗೆ ನಿಂತ್ರೆ, ಅಂಕ ಕಳೀತೀರಾ?"

ಹೆಡ್‌ಮಾಸ್ಟರು ಬಾಯಿ ತೆರೆದರು. ಕಳೆಯುವುದಿಲ್ಲವೆಂದರೆ ಷರತ್ತು ಹೋಗುತ್ತದೆ, ಕಳೆಯುತ್ತೇನೆಂದರೆ ಗಣಿತ ಹೋಗುತ್ತದೆ. ತೆರೆದ ಬಾಯಿಯನ್ನು ಮುಚ್ಚಿದರು. ನಾನು ಭಕ್ತಿಯಿಂದ ಜಂತೆಯನ್ನು ನೋಡುತ್ತಿದ್ದೆ.

"ಮರ್ತೋದ್ರಾ ಸಾ, ಇಲ್ಲ ಯೋಚ್ನೆ ಮಾಡ್ತಿದ್ದೀರಾ?" ಎಂದು ಕೇಳಿದಳು. ದನಿಯಲ್ಲಿ ಕುಚೋದ್ಯವಿರಲಿಲ್ಲ; ನಿಜವಾಗಿಯೂ ತಿಳಿಯಬೇಕಾಗಿತ್ತು.

"ಯೋಚ್ನೆ ಮಾಡ್ತಿವ್ನಿ, ಸುಮ್ಕಿರು," ಎಂದರು ಅವರು.

ಇನ್ನೂ ಸ್ವಲ್ಪ ಹೊತ್ತು ಮಾಡಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರಿ, ನಿಂದ್ನೇ ಬರ್ಕೊ. ಆದ್ರೆ ಈಗ ನನ್ನ ಕೇಳ್ದ್ಯಲ್ಲ, ಅಂಗೆ ಸ್ಪರ್ಧೆಲಿ ಯಾರ್ನೂ ಕೇಳ್ಬೇಡ."

"ಅದ ಈಗ್ಲೇ ಇಂಗೇ ಅಂತ ಏಳಕಾಗಲ್ಲ ಸಾ," ಎಂದು ಅವಳು ತರಗತಿಗೆ ಹೋದಳು.